ಕಚ್ಚಿದ್ದು, ಹಚ್ಚಿದ್ದು

ಪುಟ್ಟೀ,

ನಿನ್ನೆ ರಾತ್ರಿ ಹತ್ತೂವರೆಗೆ ನೀನು ಕಳಿಸಿದ ಫೋಟೋ ನೋಡಿದೆ. ಪಾಪುವಿನ ಬಲಗೆನ್ನೆಯ ಮೇಲೆ ಹುಣಸೆಬೀಜದಷ್ಟು ಅಗಲದ ಕೆಂಪು ದದ್ದು, ಅದರ ನಡುವೆ ಒಂದು ಚುಕ್ಕಿ. ಕೆಳಗೆ ನೀನು ಬರೆದದ್ದು ಒಂದೇ ಸಾಲು: "ಅಜ್ಜಿ, ಏನು ಹಚ್ಚಲಿ?" ನಾನು "ಏನೂ ಹಚ್ಚಬೇಡ, ತಣ್ಣೀರಲ್ಲಿ ಅದ್ದಿದ ಬಟ್ಟೆ ಇಟ್ಟು ಮಲಗಿಸು" ಅಂತ ಹೇಳಿ ಸುಮ್ಮನಾದೆ. ಆ ಹೊತ್ತಿಗೆ ಅಷ್ಟು ಸಾಕಿತ್ತು. ಬೆಳಿಗ್ಗೆ ಕಾಫಿ ಕುಡಿಯುತ್ತ ಕೂತಾಗ, ಈ ಹುಡುಗಿಗೆ ಪೂರ್ತಿ ಹೇಳಿಬಿಡಬೇಕು ಅನ್ನಿಸಿತು. ಫೋನಿನಲ್ಲಾದರೆ ನಡುವೆ ಕೂಸು ಅಳುತ್ತದೆ, ನೀನು "ಇರಜ್ಜಿ" ಅಂತ ಎದ್ದು ಹೋಗುತ್ತೀಯ, ಮಾತು ಅಲ್ಲಿಗೇ ನಿಂತುಬಿಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಹಾಲು ಕುಡಿಸುವಾಗ ಒಂದು ಕೈಯಲ್ಲಿ ಹಿಡಿದು ಓದಿಕೋ.

34 ವರ್ಷ ಈ ಸಾಗರದ ಸುತ್ತಿನ ಹಳ್ಳಿಗಳಲ್ಲಿ ನರ್ಸಮ್ಮ ಅನ್ನಿಸಿಕೊಂಡು ತಿರುಗಿದವಳು ನಾನು. ಹುಳ ಕಚ್ಚಿತು ಅಂತ ಎತ್ತಿಕೊಂಡು ಬಂದ ಕೂಸುಗಳನ್ನು ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ. ಕಚ್ಚಿದ್ದರಿಂದ ಆದ ತೊಂದರೆ ಎಷ್ಟೋ, ಅದಕ್ಕೆ ಅಂತ ನಾವು ಹಚ್ಚಿದ್ದರಿಂದ ಆದದ್ದೂ ಅಷ್ಟೇ ಉಂಟು. ಮೈಗೆ ಹಚ್ಚಿದ್ದೂ ಸೈ, ಕೋಣೆಯ ಮೂಲೆಯಲ್ಲಿ ಹಚ್ಚಿಟ್ಟದ್ದೂ ಸೈ.

ನಿನ್ನ ಅಮ್ಮನ ಎಡಗೆನ್ನೆಯ ಮೇಲೆ ಉದ್ದಿನಬೇಳೆಯಷ್ಟು ಬಿಳಿ ಕಲೆ ಇದೆಯಲ್ಲ, ಅದು ಕಡಜ ಕಡಿದ ಕಲೆ ಅಂತ ನೀನು ಚಿಕ್ಕವಳಿದ್ದಾಗಿನಿಂದ ಕೇಳುತ್ತ ಬಂದಿದ್ದೀಯ. ಕಡಜ ಕಡಿದದ್ದು ನಿಜ, ಕಲೆ ಮಾತ್ರ ನನ್ನದು. ಅವಳಿಗಾಗ ಒಂದೂವರೆ ವರ್ಷ. ಹಿಂದಿನ ಜಗಲಿಯ ಮಾಡಿನಲ್ಲಿ ಕಡಜ ಗೂಡು ಕಟ್ಟಿತ್ತು. ಕೂಸು ಕಿರುಚಿದ್ದು ಕೇಳಿ ಓಡಿ ಬಂದೆ. ಅತ್ತೆಯ ಎಲೆಅಡಿಕೆ ತಟ್ಟೆ ಅಲ್ಲೇ ಇತ್ತು. ಸುಣ್ಣವನ್ನು ಬೆರಳಲ್ಲಿ ತೋಡಿ ಕೆನ್ನೆಗೆ ಬಳಿದೆ. ಊರಲ್ಲಿ ಎಲ್ಲರೂ ಮಾಡುವುದು ಅದನ್ನೇ. ಗದ್ದೆ ಕೆಲಸ ಮಾಡಿದವರ ಅಂಗೈಗೆ ಸುಣ್ಣ ಏನೂ ಮಾಡಲಿಕ್ಕಿಲ್ಲ, ಕೂಸಿನ ಕೆನ್ನೆ ಹಾಲಿನ ಕೆನೆಯಂಥದು. ಸಂಜೆಗೆ ಬೊಬ್ಬೆ ಎದ್ದಿತು, ಮರುದಿನ ಒಡೆಯಿತು, ಗಾಯ ಮಾಯಲು ಹದಿನೈದು ದಿನ ಹಿಡಿಯಿತು. ಆಗ ನನಗೆ ಕೆಲಸ ಸಿಕ್ಕಿ ಎರಡು ವರ್ಷ. ಊರವರ ಸುಟ್ಟಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದವಳು ಮನೆಯ ಕೂಸಿಗೆ ನನ್ನ ಕೈಯಾರೆ ಸುಟ್ಟಗಾಯ ಮಾಡಿದೆ. ಇದನ್ನು ಇಷ್ಟು ವರ್ಷ ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ. ನಿನ್ನ ಅಮ್ಮನಿಗೆ ನೀನೇ ಹೇಳು, ಬೈದುಕೊಂಡರೆ ಬೈದುಕೊಳ್ಳಲಿ.

ಇನ್ನು ನಿನ್ನ ಪಾಪುವಿನ ದದ್ದಿನ ವಿಷಯ. ಒಂದೇ ಸೊಳ್ಳೆ ನಿನಗೂ ಕಚ್ಚಿ ಪಾಪುವಿಗೂ ಕಚ್ಚಿದರೆ ನಿನ್ನ ಕೈಮೇಲೆ ಸಾಸಿವೆಯಷ್ಟು ಗುಳ್ಳೆ, ಅದರ ಕೆನ್ನೆ ಮೇಲೆ ಕಾಸಿನಗಲ ಬಾವು. ಇದರಲ್ಲಿ ಗಾಬರಿಪಡುವಂಥದ್ದು ಏನೂ ಇಲ್ಲ. ಸೊಳ್ಳೆಯ ಎಂಜಲು ಅದರ ಮೈಗೆ ಹೊಸದು, ಹೊಸಬರು ಬಂದಾಗ ನಾಯಿ ಹೆಚ್ಚು ಬೊಗಳುವ ಹಾಗೆ ಮೈ ಹೆಚ್ಚು ರೇಗುತ್ತದೆ. ವರ್ಷಗಟ್ಟಲೆ ಕಚ್ಚಿಸಿಕೊಂಡ ನಮ್ಮ ಮೈಗೆ ಅದು ರೂಢಿಯಾಗಿದೆ. ನಿನ್ನ ದೊಡ್ಡ ಮಗಳ ಕಾಲಿನ ಮೇಲೆ ಸಾಲಾಗಿ ಗಟ್ಟಿ ಗುಳ್ಳೆ ಎದ್ದು ವಾರಗಟ್ಟಲೆ ಇರುತ್ತವೆ, ಹೊಸದೊಂದು ಕಚ್ಚಿದರೆ ಮಾಸಿದ ಹಳೆಯವೂ ಮತ್ತೆ ಕೆಂಪಾಗುತ್ತವೆ ಅಂದೆಯಲ್ಲ, ಎರಡರಿಂದ ಆರೇಳು ವರ್ಷದ ಮಕ್ಕಳಲ್ಲಿ ಅದು ತೀರಾ ಸಾಮಾನ್ಯ. ಬೆಳೆಯುತ್ತ ತಾನಾಗಿ ಕಡಿಮೆಯಾಗುತ್ತದೆ. "ರಕ್ತ ಕೆಟ್ಟಿದೆ", "ನಂಜಾಗಿದೆ", "ಬದನೆಕಾಯಿ ಕೊಡಬೇಡ" ಅಂತ ಯಾರಾದರೂ ಅಂದರೆ ಹೂಂ ಅಂದು ಮುಂದಿನ ಕೆಲಸ ನೋಡು. ರಕ್ತಶುದ್ಧಿ ಅಂತ ಕಷಾಯ ಕುಡಿಸಲು ಹೋಗಬೇಡ. ಕೂಸಿಗೆ ಆರು ತಿಂಗಳು ತುಂಬುವವರೆಗೆ ನಿನ್ನ ಹಾಲು ಬಿಟ್ಟು ಇನ್ನೇನೂ ಬೇಡ.

ತೊಂದರೆ ಶುರುವಾಗುವುದು ತುರಿಸಿಕೊಂಡಾಗ. ಉಗುರಿನ ಕೊಳೆ ಒಳಗೆ ಹೋಗಿ ಗುಳ್ಳೆ ಕೀವಾಗುತ್ತದೆ, ಅಕ್ಕಪಕ್ಕ ಹರಡುತ್ತದೆ, ಆಮೇಲೆ ಡಾಕ್ಟರು, ಮುಲಾಮು, ಆ್ಯಂಟಿಬಯಾಟಿಕ್ಕು. ಅದಕ್ಕೇ ವಾರಕ್ಕೆರಡು ಸಲ ಇಬ್ಬರದೂ ಉಗುರು ತೆಗೆ, ಮಲಗಿದ್ದಾಗ ತೆಗೆದರೆ ಸುಲಭ. ಕಚ್ಚಿದ ಜಾಗವನ್ನು ಸೋಪು ನೀರಲ್ಲಿ ತೊಳೆದು ತಣ್ಣನೆ ಬಟ್ಟೆ ಒತ್ತು. ತುರಿಕೆ ಜೋರಿದ್ದರೆ ಕ್ಯಾಲಮೈನ್ ಲೋಷನ್ ತೆಳ್ಳಗೆ ಸವರಬಹುದು, ಕಣ್ಣು ಬಾಯಿಯ ಹತ್ತಿರ ಬೇಡ, ಕೂಸು ನೆಕ್ಕುವ ಕೈಗೂ ಬೇಡ. ಅಷ್ಟರ ಮೇಲೂ ಕಡಿಮೆಯಾಗದಿದ್ದರೆ ಮಕ್ಕಳ ಡಾಕ್ಟರನ್ನು ಕೇಳು. ಟೂತ್‌ಪೇಸ್ಟು, ಸುಣ್ಣ, ಈರುಳ್ಳಿ ರಸ, ನೋವಿನ ಬಾಮು ಇವೆಲ್ಲ ನಿನ್ನ ಕೈಗೆ ಸಿಗದ ಹಾಗೆ ಎತ್ತಿಡು. ನಿನ್ನ ಕೈಗೆ ಅಂದೆ, ಕೂಸಿನ ಕೈಗೆ ಅಲ್ಲ. ಕೂಸು ಅಳುವಾಗ ತಾಯಿಯ ಕೈ ಸುಮ್ಮನಿರುವುದಿಲ್ಲ, ಏನಾದರೂ ಹಚ್ಚಲೇಬೇಕು ಅದಕ್ಕೆ.

ಎಣ್ಣೆಗಳ ವಿಷಯದಲ್ಲಿ ಸ್ವಲ್ಪ ನಿಷ್ಠುರವಾಗಿಯೇ ಹೇಳುತ್ತೇನೆ. ನೀಲಗಿರಿ ಎಣ್ಣೆ, ಬೇವಿನೆಣ್ಣೆ, ಕರ್ಪೂರ ಬೆರೆಸಿದ ಕೊಬ್ಬರಿ ಎಣ್ಣೆ, ಇವನ್ನು "ನೈಸರ್ಗಿಕ, ಏನೂ ಆಗುವುದಿಲ್ಲ" ಅಂತ ನಿನ್ನ ಓರಗೆಯವರು ನಂಬಿಕೊಂಡಿದ್ದೀರಿ. ಹಾವಿನ ವಿಷವೂ ನೈಸರ್ಗಿಕವೇ. ಸಣ್ಣ ಕರ್ಪೂರದ ಬಿಲ್ಲೆ ನುಂಗಿದರೆ ಸಾಕು, ಪುಟ್ಟ ಮಗುವಿಗೆ ಫಿಟ್ಸ್ ಬರಬಹುದು. ಬೇವಿನೆಣ್ಣೆ ಹೊಟ್ಟೆಗೆ ಹೋದ ಕೂಸುಗಳು ವಾಂತಿಯಾಗಿ, ಪ್ರಜ್ಞೆ ತಪ್ಪಿ, ಮೆದುಳಿಗೆ ಏಟು ಬಿದ್ದದ್ದು ವೈದ್ಯರ ದಾಖಲೆಯಲ್ಲಿದೆ. ಮೈಗೆ ತಾನೆ ಹಚ್ಚಿದ್ದು ಅನ್ನಬೇಡ, ಕೂಸಿಗೆ ತನ್ನ ಮೈಯೆಲ್ಲ ಬಾಯಿಯೇ. ಕಾಲ್ಬೆರಳನ್ನೂ ಬಾಯಿಗೆ ಇಟ್ಟುಕೊಳ್ಳುವ ಪ್ರಾಣಿ ಅದು.

ಇದೇ ಸಾಲಿಗೆ ನುಸಿಗುಳಿಗೆಯನ್ನೂ ಸೇರಿಸುತ್ತೇನೆ, ಕಚ್ಚುವ ಹುಳಕ್ಕೂ ಅದಕ್ಕೂ ನೇರ ನಂಟಿಲ್ಲದಿದ್ದರೂ. ಹಳೆಯ ಟ್ರಂಕಿನಲ್ಲಿ ನುಸಿಗುಳಿಗೆ ಹಾಕಿ ಜೋಪಾನ ಮಾಡಿದ ತೊಟ್ಟಿಲ ಬಟ್ಟೆ, ಟೊಪ್ಪಿ, ಕುಲಾವಿ ತೆಗೆದು ಹಾಗೇ ಹಸುಗೂಸಿಗೆ ಹಾಕುವ ರೂಢಿ ನಮ್ಮಲ್ಲಿದೆ. ಕೆಲವು ಕೂಸುಗಳಿಗೆ ಹುಟ್ಟಿನಿಂದಲೇ ರಕ್ತದಲ್ಲಿ ಜಿ6ಪಿಡಿ ಅನ್ನುವ ಕಿಣ್ವ ಕಡಿಮೆ ಇರುತ್ತದೆ. ಅಂಥವಕ್ಕೆ ಆ ಗುಳಿಗೆಯ ವಾಸನೆಯೇ ಸಾಕು, ರಕ್ತಕಣ ಒಡೆದು ಮೈ ಅರಿಸಿನದ ಹಾಗೆ ಹಳದಿಯಾಗುತ್ತದೆ. ಯಾವ ಕೂಸಿಗೆ ಕಡಿಮೆ ಇದೆ ಅಂತ ಮುಖ ನೋಡಿ ಹೇಳಲಾಗದು. ಅದಕ್ಕೇ ನಿನ್ನ ಬಾಣಂತನಕ್ಕೆ ಮೊದಲೇ ಟ್ರಂಕಿನ ಗುಳಿಗೆಯನ್ನೆಲ್ಲ ತೆಗೆದು ಎಸೆದೆ. ಬಟ್ಟೆಗಳನ್ನು ಎರಡೆರಡು ಸಲ ಒಗೆದು ಬಿಸಿಲಿಗೆ ಹಾಕಿದ್ದೂ ಅದಕ್ಕೇ. ನೀನಾಗ ನಕ್ಕಿದ್ದೆ, "ಅಜ್ಜಿ, ಮಳೆಗಾಲ ಬರುತ್ತೆ ಅಂತ ಊರನ್ನೇ ಒಗೀತಿದ್ದೀಯ" ಅಂತ.

ಕೋಣೆಯಲ್ಲಿ ಹಚ್ಚುವುದರ ಬಗ್ಗೆ ಹೇಳಹೊರಟರೆ ಮೊದಲು ನನ್ನ ಮೇಲೇ ಬರುತ್ತದೆ. ಮೀಯಿಸಿದ ಮೇಲೆ ಕೆಂಡಕ್ಕೆ ಸಾಂಬ್ರಾಣಿ ಹಾಕಿ, ಬುಟ್ಟಿ ಕವುಚಿ, ಆ ಹೊಗೆಯಲ್ಲಿ ನಿನ್ನ ಅಮ್ಮನ ತಲೆ ಆರಿಸಿದವಳು ನಾನೇ. ಸಂಜೆಗೆ ಹಸಿ ಬೇವಿನ ಸೊಪ್ಪಿನ ಹೊಗೆ ಬೇರೆ. ಸೊಳ್ಳೆ ಹೋಗುತ್ತಿತ್ತು, ಸುಳ್ಳಲ್ಲ. ನಮಗೂ ಕಣ್ಣುರಿ ಬಂದು ಹೊರಗೆ ಹೋಗುತ್ತಿದ್ದೆವು. ಹೋಗಲಾರದೆ ಅಲ್ಲೇ ಮಲಗಿರುತ್ತಿದ್ದದ್ದು ಕೂಸೊಂದೇ. ದೊಡ್ಡವರು ನಿಮಿಷಕ್ಕೆ ಹದಿನೈದಿಪ್ಪತ್ತು ಸಲ ಉಸಿರಾಡಿದರೆ ಹಸುಗೂಸು ಮೂವತ್ತರಿಂದ ಅರವತ್ತು ಸಲ ಆಡುತ್ತದೆ. ಸುರುಳಿ ಬತ್ತಿಯೂ ಅದೇ ಜಾತಿ. ಒಂದು ಬತ್ತಿ ಪೂರ್ತಿ ಉರಿದರೆ ಹೊರಡುವ ಸೂಕ್ಷ್ಮ ಧೂಳು 75ರಿಂದ 137 ಸಿಗರೇಟು ಸುಟ್ಟಷ್ಟು ಅಂತ 2003ರಲ್ಲಿ ಅಳೆದು ಪ್ರಕಟಿಸಿದ್ದಾರೆ. ನಿನ್ನ ಗಂಡ ಬಾಲ್ಕನಿಯಲ್ಲಿ ಒಂದು ಸಿಗರೇಟು ಸೇದಿದರೆ ಎರಡು ದಿನ ಮಾತು ಬಿಡುವವಳು ನೀನು. ಮುಚ್ಚಿದ ಕೋಣೆಯಲ್ಲಿ ರಾತ್ರಿಯಿಡೀ ಬತ್ತಿ ಉರಿಸಿದರೆ ಯಾರ ಹತ್ತಿರ ಮಾತು ಬಿಡುತ್ತೀ?

ಪ್ಲಗ್ಗಿಗೆ ಸಿಕ್ಕಿಸುವ ದ್ರವದಲ್ಲಿ ಹೊಗೆ ಕಾಣುವುದಿಲ್ಲ ನಿಜ. ಕೂಸು ಇಲ್ಲದಾಗ ಒಂದು ಗಂಟೆ ಹಾಕಿ, ಆರಿಸಿ, ಕಿಟಕಿ ತೆಗೆದು ಗಾಳಿಯಾಡಿಸಿ ಆಮೇಲೆ ಮಲಗಿಸು, ಅಷ್ಟಕ್ಕೆ ನಾನು ಬೇಡ ಅನ್ನುವುದಿಲ್ಲ. ಆದರೆ ಆ ಪುಟ್ಟ ಬಾಟಲಿ ನಿನ್ನ ದೊಡ್ಡವಳ ಎತ್ತರಕ್ಕೇ ಇರುತ್ತದೆ, ನೋಡಿದರೆ ಆಟದ ಸಾಮಾನು. ಅದರಲ್ಲಿರುವುದು ಸೀಮೆಎಣ್ಣೆಯಂಥ ದ್ರವ. ಕುಡಿದರೆ ಯಾವ ಕಾರಣಕ್ಕೂ ಬೆರಳು ಹಾಕಿ ವಾಂತಿ ಮಾಡಿಸಬಾರದು, ಮೇಲೆ ಬರುವಾಗ ಶ್ವಾಸಕೋಶಕ್ಕೆ ಇಳಿಯುತ್ತದೆ. ಬಾಟಲಿಯನ್ನು ಕೈಯಲ್ಲಿ ಹಿಡಿದುಕೊಂಡು ಸೀದಾ ಆಸ್ಪತ್ರೆಗೆ ಓಡಬೇಕು. ಜಿರಳೆಗೆ ಗೆರೆ ಎಳೆಯುವ ಸೀಮೆಸುಣ್ಣವೂ ಅಷ್ಟೇ. ಅಂಗನವಾಡಿಗೆ ಹೋಗುವ ಮಗು ಅದರಲ್ಲಿ ಅ ಆ ಬರೆದು ಬೆರಳು ಚೀಪಿತು ಅಂತ ಎತ್ತಿಕೊಂಡು ಬಂದ ತಾಯಿಯ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಹಾಗಾದರೆ ಮಾಡುವುದೇನು ಅನ್ನುತ್ತೀಯ. ಪರದೆ ಕಟ್ಟು. ಇಷ್ಟು ಹೇಳಲಿಕ್ಕೆ 34 ವರ್ಷದ ನೌಕರಿ ಬೇಕಿತ್ತೇ ಅಂತ ನಗಬೇಡ, ಕಟ್ಟುವುದರಲ್ಲೂ ವಿಷಯವಿದೆ. ನೀವೆಲ್ಲ ರಾತ್ರಿ ಪರದೆ ಕಟ್ಟುತ್ತೀರಿ, ಬೆಳಗಾದ ಕೂಡಲೇ ಮಡಚಿ ಅಟ್ಟಕ್ಕೆ ಎಸೆಯುತ್ತೀರಿ. ಡೆಂಗಿಯ ಸೊಳ್ಳೆ, ಕಾಲಿನ ಮೇಲೆ ಬಿಳಿ ಪಟ್ಟೆ ಇರುವುದು, ಕಚ್ಚುವುದು ಹಗಲಲ್ಲಿ. ಬೆಳಕು ಹರಿದ ಮೇಲೆ ಒಂದೆರಡು ತಾಸು, ಮತ್ತೆ ಸಂಜೆ ಹೊತ್ತು ಮುಳುಗುವ ಮುಂಚೆ ಅದರ ಹಸಿವು ಹೆಚ್ಚು. ಮಲೇರಿಯಾದ್ದು ರಾತ್ರಿಯದು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆ ಸೀಳಿ ಮಲೇರಿಯಾದ ಬೀಜ ಕಂಡುಹಿಡಿದ ಅಂತ ಪ್ರತಿ ವರ್ಷ ಆ ದಿನ ನಾವು ಶಾಲೆ ಮಕ್ಕಳ ಜಾಥಾ ಹೊರಡಿಸುತ್ತಿದ್ದೆವು. ಮಕ್ಕಳು ಬಿಸಿಲಲ್ಲಿ ಘೋಷಣೆ ಕೂಗುವಾಗ ಶಾಲೆಯ ಹಿಂದಿನ ಬಕೆಟ್ಟಿನಲ್ಲಿ ಹಗಲಿನ ಸೊಳ್ಳೆ ಆರಾಮವಾಗಿ ಮೊಟ್ಟೆ ಇಡುತ್ತಿತ್ತು. ಆದ್ದರಿಂದ ಪಾಪುವಿನ ಹಗಲು ನಿದ್ದೆಗೂ ಪರದೆ ಬೇಕು, ರಾತ್ರಿಗಿಂತ ಒಂದು ಕೈ ಮೇಲೇ ಬೇಕು ಅನ್ನು.

ಕೊಡೆಯ ಹಾಗೆ ಬಿಚ್ಚುವ ಪರದೆ ಸಣ್ಣ ಕೂಸಿಗೆ ಸಾಕು. ಹೊರಳಲು ಶುರುಮಾಡಿದ ಮೇಲೆ ಅದು ಇಕ್ಕಟ್ಟಾಗುತ್ತದೆ. ಪರದೆಗೆ ಕೈಕಾಲು ತಾಗಿ ಮಲಗಿದರೆ ಸೊಳ್ಳೆ ಹೊರಗಿನಿಂದಲೇ ಕಚ್ಚುತ್ತದೆ, ಅದಕ್ಕೆ ಒಳಗೆ ಬರಬೇಕೆಂದೇನಿಲ್ಲ. ದೊಡ್ಡ ಪರದೆಯನ್ನು ನಾಲ್ಕೂ ಕಡೆ ಹಾಸಿಗೆಯಡಿ ಸಿಕ್ಕಿಸು, ಸಡಿಲವಾಗಿ ಜೋಲುವುದು ಬೇಡ, ಅದು ಕೂಸಿನ ಮೂತಿಯ ಮೇಲೆ ಬೀಳಬಾರದು. ಸಿಕ್ಕಿಸುವ ಮೊದಲು ಬ್ಯಾಟರಿ ಹಾಕಿ ಒಳಗೆ ನೋಡು. ಒಳಗೆ ಸಿಕ್ಕಿಬಿದ್ದ ಒಂದು ಸೊಳ್ಳೆ ಹೊರಗಿನ ಹತ್ತಕ್ಕೆ ಸಮ. ಫ್ಯಾನು ತಿರುಗುತ್ತಿರಲಿ, ಗಾಳಿಗೆ ಎದುರಾಗಿ ಹಾರುವ ಶಕ್ತಿ ಸೊಳ್ಳೆಗೆ ಕಡಿಮೆ. ಕಿಟಕಿಗೆ ಜಾಲರಿ ಹಾಕಿಸಿದ್ದೇವೆ ಅಂದೆ, ಒಳ್ಳೆಯದು. ಆದರೆ ಬಾಲ್ಕನಿ ಬಾಗಿಲನ್ನು ಸಂಜೆ ಐದೂವರೆಗೇ ಹಾಕು. ಉಡುಪು ತೆಳು ಹತ್ತಿಯದು, ತಿಳಿ ಬಣ್ಣದ್ದು, ಕೈಕಾಲು ತುಂಬ ಇರುವಂಥದ್ದು. ಬೆವರಿ ಮೈತುಂಬ ಬೆವರುಸಾಲೆ ಏಳುವ ಹಾಗೆ ಸುತ್ತಿಡಬೇಡ. ಬೆವರುಸಾಲೆಯನ್ನೇ ಸೊಳ್ಳೆ ಕಡಿತ ಅಂತ ತಿಳಿದು ಇನ್ನಷ್ಟು ಸುತ್ತಿದವರನ್ನೂ ನೋಡಿದ್ದೇನೆ.

ಹೊರಗೆ ಹೋಗುವಾಗ ಹಚ್ಚುವ ಸೊಳ್ಳೆ ಕ್ರೀಮಿನ ಬಗ್ಗೆ ಕೇಳಿದ್ದೆಯಲ್ಲ. ಡೀಟ್ ಇರುವಂಥದನ್ನು ಎರಡು ತಿಂಗಳೊಳಗಿನ ಕೂಸಿಗೆ ಮುಟ್ಟಿಸಲೇಬಾರದು. ನಿನ್ನದಕ್ಕೆ ನಾಲ್ಕು ತಿಂಗಳು, ಹಚ್ಚಬಹುದು ಅಂತ ಪುಸ್ತಕ ಹೇಳುತ್ತದೆ, ಆದರೂ ಪರದೆ ಹಾಕಿದ ಗಾಡಿಯಲ್ಲಿ ಒಯ್ಯಬಹುದಾದಾಗ ಹಚ್ಚುವುದೇಕೆ ಅಂತ ನನ್ನ ವಾದ. ದೊಡ್ಡವಳು ಪಾರ್ಕಿಗೆ ಹೋಗುವಾಗ ಹಚ್ಚು. ಮೊದಲು ನಿನ್ನ ಅಂಗೈಗೆ ಹಾಕಿಕೊಂಡು ಆಮೇಲೆ ಅವಳ ತೋಳಿಗೆ, ಕಾಲಿಗೆ, ಕತ್ತಿನ ಹಿಂಬದಿಗೆ ತೆಳ್ಳಗೆ. ಅಂಗೈಗೆ ಬೇಡ, ಬಾಯಿಗೆ ಹೋಗುತ್ತದೆ. ಗಾಯಕ್ಕೆ ಬೇಡ, ಬಟ್ಟೆಯ ಒಳಗೆ ಬೇಡ. ದಿನಕ್ಕೊಂದು ಸಲ ಸಾಕು, ಮನೆಗೆ ಬಂದ ಕೂಡಲೇ ಸೋಪಿನಲ್ಲಿ ತೊಳೆದುಬಿಡು. ಲೆಮನ್ ಯೂಕಲಿಪ್ಟಸ್ ಅಂತ ಬರೆದಿರುವುದು ಮೂರು ವರ್ಷದ ಮೇಲಿನವರಿಗೆ, ಅವಳಿಗಿನ್ನೂ ಎರಡೂವರೆ. ಅಂಗಿಗೆ ಅಂಟಿಸುವ ಬಣ್ಣದ ಸ್ಟಿಕ್ಕರು, ಕೈಗೆ ಕಟ್ಟುವ ಪಟ್ಟಿ, ಮೊಬೈಲಿನಲ್ಲಿ ಶಬ್ದ ಮಾಡಿ ಸೊಳ್ಳೆ ಓಡಿಸುವುದು ಇವೆಲ್ಲ ದುಡ್ಡು ಓಡಿಸುವ ದಾರಿ.

ಪುಟ್ಟೀ, ಈಗ ಹೇಳುವುದಕ್ಕೆ ನಗಬಾರದು. ನಿನ್ನ ಬಾಣಂತನದ ಕೋಣೆಯಲ್ಲಿ ಮಂಚದ ನಾಲ್ಕು ಕಾಲಿಗೂ ನಾನು ನೀರಿನ ಬಟ್ಟಲು ಇಟ್ಟದ್ದು ನೆನಪಿದೆಯಾ? ಇರುವೆಗೆ ಅಂತ ಇಟ್ಟದ್ದು. ಹಾಲು ಕಕ್ಕಿ ಕತ್ತಿನ ಮಡಿಕೆಯಲ್ಲಿ ಒಣಗಿದರೆ ಆ ಸಿಹಿಗೆ ಕೆಂಜಿಗ ಸಾಲು ಹಿಡಿದು ಬರುತ್ತದೆ. ಕೂಸು ಯಾಕೆ ಅಳುತ್ತಿದೆ ಅಂತ ಹಾಲು ಕೊಟ್ಟು, ತೂಗಿ, ಹಾಡಿ, ದೃಷ್ಟಿ ತೆಗೆದು, ಕೊನೆಗೆ ಬಟ್ಟೆ ಬಿಚ್ಚಿ ನೋಡಿದರೆ ಇರುವೆ. ಅದಕ್ಕೇ ಆ ಬಟ್ಟಲು. ನೀವು ಹೊರಟ ಮರುವಾರ ನಮ್ಮೂರ ಆಶಾ ಹುಡುಗಿ ಲಾರ್ವಾ ಸಮೀಕ್ಷೆಗೆ ಬಂದಳು. ನಾನೇ ಕೈಹಿಡಿದು ಕೆಲಸ ಕಲಿಸಿದ ಹುಡುಗಿ. "ಅಮ್ಮ, ನಿಮ್ಮನೇಲೇನು ನೋಡೋದು" ಅಂದಳು, ನಾನೂ ಬಿಗುಮಾನದಿಂದ "ನೋಡು ನೋಡು, ಕೆಲಸ ಕೆಲಸವೇ" ಅಂದೆ. ಮಂಚದ ಕೆಳಗೆ ಬ್ಯಾಟರಿ ಬಿಟ್ಟಳು. ನಾಲ್ಕೂ ಬಟ್ಟಲಲ್ಲಿ ಸೊಳ್ಳೆ ಮರಿಗಳು ತಲೆಕೆಳಗಾಗಿ ಕುಣಿಯುತ್ತಿದ್ದವು! ಇರುವೆ ಬಾರದಿರಲಿ ಅಂತ ಕೂಸಿನ ಹಾಸಿಗೆಯ ಕೆಳಗೇ ಸೊಳ್ಳೆ ಸಾಕಿದ್ದೆ ನಾನು. ಅವಳು ರಿಜಿಸ್ಟರಿನಲ್ಲಿ ಬರೆದುಕೊಂಡಳು, ಬಿಡಲಿಲ್ಲ. ಚೆನ್ನಾಗಿ ಕಲಿಸಿದ್ದೇನೆ ಅಂತ ಸಮಾಧಾನಪಟ್ಟುಕೊಂಡೆ.

ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ ಏಳರಿಂದ ಹತ್ತು ದಿನ. ವಾರಕ್ಕೊಂದು ದಿನ ನಿಂತ ನೀರನ್ನೆಲ್ಲ ಚೆಲ್ಲಿದರೆ ಅದರ ಸಂಸಾರ ಅಲ್ಲಿಗೇ ನಿಲ್ಲುತ್ತದೆ. ಬರೀ ಚೆಲ್ಲಿದರೆ ಸಾಲದು, ಒಳಗೋಡೆಯನ್ನು ತಿಕ್ಕಿ ತೊಳೆಯಬೇಕು. ಡೆಂಗಿ ಸೊಳ್ಳೆಯ ಮೊಟ್ಟೆ ಪಾತ್ರೆಯ ಅಂಚಿಗೆ ಅಂಟಿಕೊಂಡು ನೀರಿಲ್ಲದೆ ತಿಂಗಳುಗಟ್ಟಲೆ ಬದುಕಿರುತ್ತದೆ, ಮತ್ತೆ ನೀರು ಬಿದ್ದಾಗ ಏಳುತ್ತದೆ. ಇಲ್ಲಿ ನಮಗೆ ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ತೆಂಗಿನ ಕರಟ, ಅಂಗಳದ ಹಳೆಯ ಒರಳುಕಲ್ಲು, ಟಾರ್ಪಾಲಿನ ಮಡಿಕೆ. ನಿಮ್ಮ ಬೆಂಗಳೂರಿನ ಮೂರನೇ ಮಹಡಿಯಲ್ಲಿ ಏನಿದೆ ಅನ್ನಬೇಡ. ಫ್ರಿಜ್ಜಿನ ಹಿಂದಿನ ತಟ್ಟೆ, ಬಾಲ್ಕನಿ ಕುಂಡದ ಕೆಳಗಿನ ಪ್ಲೇಟು, ಮನಿಪ್ಲಾಂಟಿನ ಬಾಟಲಿ, ಯಾರೂ ಬಳಸದ ಬಾತ್‌ರೂಮಿನ ಕಮೋಡು, ಪಕ್ಕದ ಸೈಟಿನಲ್ಲಿ ಕಟ್ಟಡಕ್ಕೆ ನೀರು ಹಿಡಿದಿಟ್ಟ ತೊಟ್ಟಿ. ಆ ಸೊಳ್ಳೆ ಬಹಳ ದೂರ ಹಾರುವಂಥದ್ದಲ್ಲ. ನಿನ್ನ ಪಾಪುವಿಗೆ ಕಚ್ಚಿದ್ದು ನಿಮ್ಮ ಮನೆಯದ್ದೋ, ನೆರೆಯದ್ದೋ ಇರಬೇಕು. 2024ರ ಸೆಪ್ಟೆಂಬರಿನಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಅಂತ ಘೋಷಿಸಿ ನೀರು ನಿಲ್ಲಿಸಿಕೊಂಡ ಮನೆಗೆ ದಂಡ ಹಾಕುವ ನಿಯಮ ತಂದಿತಲ್ಲ, ಸೈಟಿನವನಿಗೆ ಅದನ್ನು ನೆನಪಿಸು. ಜಗಳ ಆಡಬೇಡ, ನೆನಪಿಸು ಸಾಕು.

ಇನ್ನು ಊರಿಗೆ ಬಂದಾಗಿನ ಮಾತು. ಮಳೆಗಾಲದಲ್ಲಿ ಬಂದರೆ ಉಂಬಳ. ನೋಡಲು ಹೇಸಿಗೆ ಅಷ್ಟೇ, ರೋಗ ತರುವುದಿಲ್ಲ. ಉಗುರಿನಿಂದ ಸರಿಸಿ ತೆಗೆದು ತೊಳೆದರಾಯಿತು, ರಕ್ತ ಸ್ವಲ್ಪ ಹೊತ್ತು ಸೋರಿ ನಿಲ್ಲುತ್ತದೆ.

ನನಗೆ ಹೆದರಿಕೆ ಇರುವುದು ಬೇಸಿಗೆ ರಜೆಯದ್ದು. ಡಿಸೆಂಬರಿನಿಂದ ಮೇವರೆಗೆ ಕಾಡಿನ ಒಣಗಿದೆಲೆಯಲ್ಲಿ ಉಣುಗಿನ ಮರಿಗಳು ಸಾಸಿವೆ ಕಾಳಿಗಿಂತ ಸಣ್ಣಗೆ ಕಾದು ಕೂತಿರುತ್ತವೆ. ಅವು ಕಚ್ಚಿ ಹರಡುವ ಜ್ವರಕ್ಕೆ, 1957ರಲ್ಲಿ ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತು ಬಿದ್ದು ಮಂಗನ ಕಾಯಿಲೆ ಅಂತ ಹೆಸರಾಯಿತು. ಕಾಡಿನ ಹೆಸರೇ ವೈರಸ್ಸಿಗೂ ಬಂತು. ಅದು ಹಳೆಯ ಕತೆಯಲ್ಲ. 2018ರ ಕೊನೆಗೆ ನಮ್ಮ ತಾಲ್ಲೂಕಿನ ಅರಲಗೋಡಿನಲ್ಲೇ ಕಾಣಿಸಿಕೊಂಡು ಜೀವ ತೆಗೆಯಿತು. ಕೊಟ್ಟಿಗೆಗೆ ಹಾಸಲು ತಂದ ದರಗಿನ ರಾಶಿಯ ಮೇಲೆ ಹಾರಿ ಕುಣಿಯುವುದು ಮಕ್ಕಳಿಗೆ ಎಂಥ ಖುಷಿ ಅಂತ ನನಗೆ ಗೊತ್ತು, ನಿನ್ನನ್ನೂ ಕುಣಿಯಲು ಬಿಟ್ಟಿದ್ದೇನೆ. ಇನ್ನು ನಿನ್ನ ಮಕ್ಕಳನ್ನು ಬಿಡುವುದಿಲ್ಲ. ಮುಂದಿನ ಏಪ್ರಿಲಿಗೆ ಬಂದಾಗ ಅಂಗಳ, ಜಗಲಿ, ಮನೆಯೊಳಗೆ ಅಷ್ಟೇ. ಕಾಡಂಚಿಗೆ ಹೋಗಿಬಂದ ನಿನ್ನ ಮಾವನೂ ಬಟ್ಟೆಯನ್ನು ಹೊರಗೇ ಕಳಚಿ, ಬಿಸಿನೀರಿಗೆ ಹಾಕಿ, ಮಿಂದು ಆಮೇಲೆ ಕೂಸನ್ನು ಎತ್ತಿಕೊಳ್ಳಬೇಕು.

ಉಣುಗು ಕಚ್ಚಿಕೊಂಡದ್ದು ಕಂಡರೆ ಸೀಮೆಎಣ್ಣೆ ಬಿಡುವುದು, ಬೆಂಕಿಕಡ್ಡಿ ತಾಗಿಸುವುದು, ಉಗುರಿನಲ್ಲಿ ಚಿವುಟಿ ಒರೆಸುವುದು ಮಾಡಬೇಡ. ಸಣ್ಣ ಮೊನೆಯ ಚಿಮುಟದಲ್ಲಿ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು, ತಿರುಚದೆ ನೇರವಾಗಿ ನಿಧಾನ ಎಳೆ. ಆಮೇಲೆ ಸೋಪು ನೀರು. ಅದಾಗಿ ಎರಡು ವಾರದೊಳಗೆ ಜ್ವರ ಬಂದರೆ ಉಣುಗು ಕಚ್ಚಿತ್ತು ಅನ್ನುವುದನ್ನು ಡಾಕ್ಟರಿಗೆ ನೀನಾಗಿ ಹೇಳಬೇಕು. ಬೆಂಗಳೂರಿನ ಡಾಕ್ಟರಿಗೆ ನಿನ್ನ ತವರಿನ ಕಾಡು ಗೊತ್ತಿರಬೇಕೆಂದೇನಿಲ್ಲ.

ಉಣುಗು ಕಣ್ಣಿಗೆ ಬೀಳುವುದು ಯಾವಾಗ ಅಂದರೆ, ಮೀಯಿಸುವಾಗ. ಕಾಲು ಚಾಚಿ ಕೂತು, ಕೂಸನ್ನು ಕಾಲಮೇಲೆ ಬೋರಲು ಹಾಕಿಕೊಂಡು ನೀರು ಹೊಯ್ಯುವುದನ್ನು ನೀನು ಕಲಿತದ್ದು ನನಗೆ ಬಹಳ ಸಂತೋಷ. ಆ ಹೊತ್ತಿನಲ್ಲಿ ಕೈಗೆ ಕೆಲಸವಿರುತ್ತದೆ, ಕಣ್ಣಿಗೆ ಬಿಡುವಿರುತ್ತದೆ. ಕಿವಿಯ ಹಿಂದೆ, ಕತ್ತಿನ ಮಡಿಕೆ, ಕಂಕುಳು, ತೊಡೆಸಂದು, ಮಂಡಿಯ ಹಿಂಬದಿ, ಬೆರಳ ಸಂದು. ದಿನಾ ನೋಡಿದರೆ ನಿನ್ನೆ ಇಲ್ಲದ್ದು ಇವತ್ತು ಎದ್ದು ಕಾಣುತ್ತದೆ. ಕಂಕುಳಲ್ಲೋ ತೊಡೆಸಂದಿಯಲ್ಲೋ ಸಿಗರೇಟಿನ ತುದಿ ಸುಟ್ಟ ಹಾಗೆ ಕಪ್ಪು ಹೆಕ್ಕಳೆ, ಜೊತೆಗೆ ಇಳಿಯದ ಜ್ವರ ಇದ್ದರೆ ಅದು ಇನ್ನೊಂದು ಸಣ್ಣ ಹುಳದ ಕೆಲಸ, ಸ್ಕ್ರಬ್ ಟೈಫಸ್ ಅನ್ನುತ್ತಾರೆ. ಬೇಗ ಗೊತ್ತಾದರೆ ಮಾತ್ರೆಗೆ ಬಗ್ಗುತ್ತದೆ. ತಡವಾದರೆ ಕಷ್ಟ.

ಜೇನು ಕಚ್ಚಿದರೆ ಮುಳ್ಳು ಚರ್ಮದಲ್ಲೇ ಉಳಿದಿರುತ್ತದೆ. ಹೇಗಾದರೂ ಸರಿ, ಉಗುರಿನಲ್ಲಿ ಕೆರೆದಾದರೂ ಸರಿ, ತಕ್ಷಣ ತೆಗೆ. ವಿಷದ ಚೀಲ ಅದರ ಜೊತೆಗೇ ಇದ್ದು ಒಳಗೆ ಒತ್ತುತ್ತಿರುತ್ತದೆ. ಕಡಜ ಮುಳ್ಳು ಬಿಡುವುದಿಲ್ಲ, ಹುಡುಕುತ್ತ ಕೂರಬೇಡ. ಕೈಗೆ ಕಚ್ಚಿದ್ದರೆ ಬಳೆ, ಕಾಲಿಗಾದರೆ ಕಾಲ್ಗಡಗ ಮೊದಲು ತೆಗೆದುಬಿಡು, ಬಾತ ಮೇಲೆ ಬರುವುದಿಲ್ಲ. ತಣ್ಣೀರ ಬಟ್ಟೆ. ಅರ್ಧ ಗಂಟೆ ಕೂಸನ್ನು ನೋಡುತ್ತಿರು. ಕಚ್ಚಿದ ಜಾಗ ಎಷ್ಟು ಬಾತರೂ ಚಿಂತೆಯಿಲ್ಲ, ಕಚ್ಚದ ಜಾಗ ಬಾತರೆ ಚಿಂತೆ. ಮೈತುಂಬ ದದ್ದು, ತುಟಿ ಕಣ್ಣು ಊದುವುದು, ಉಸಿರಿನಲ್ಲಿ ಸಿಳ್ಳಿನ ಶಬ್ದ, ವಾಂತಿ, ಕೂಸು ಕೈಕಾಲು ಬಿಟ್ಟು ಮೆತ್ತಗಾಗುವುದು, ಇದರಲ್ಲಿ ಯಾವುದೊಂದು ಕಂಡರೂ 108ಕ್ಕೆ ಫೋನು ಮಾಡು, ನನಗಲ್ಲ. ಕಿವಿಯೊಳಗೆ ಹುಳ ಹೊಕ್ಕಿದರೆ ಪಿನ್ನು ಕಡ್ಡಿ ಹಾಕಿ ಕೆದಕದೆ ಡಾಕ್ಟರ ಹತ್ತಿರ ಹೋಗು.

ಜ್ವರದ ಲೆಕ್ಕ ಬೇರೆ. ಮೂರು ತಿಂಗಳು ತುಂಬದ ಕೂಸಿಗೆ 100.4 ಡಿಗ್ರಿ ಮುಟ್ಟಿತೆಂದರೆ ಅದೇ ಹೊತ್ತಿಗೆ ಆಸ್ಪತ್ರೆ. ನಿನ್ನದಕ್ಕೆ ನಾಲ್ಕು ತಿಂಗಳಾದರೂ ನಾಳೆ ನೋಡೋಣ ಅಂತ ಕಾಯುತ್ತ ಕೂರಬೇಡ. ಡೆಂಗಿಯ ಕಾಲದಲ್ಲಿ ಜ್ವರಕ್ಕೆ ಪ್ಯಾರಾಸಿಟಮಾಲ್ ಒಂದೇ, ಅದೂ ತೂಕ ನೋಡಿ ಡಾಕ್ಟರು ಹೇಳಿದಷ್ಟು. ಆಸ್ಪಿರಿನ್, ಐಬುಪ್ರೊಫೆನ್ ಮುಟ್ಟಬೇಡ, ರಕ್ತಸ್ರಾವ ಹೆಚ್ಚಿಸುತ್ತವೆ. ಪಪ್ಪಾಯಿ ಎಲೆ ರಸ ಅಂತ ಯಾರಾದರೂ ಬಂದರೆ ಬಾಗಿಲಿಂದಲೇ ಕಳಿಸು. ಡೆಂಗಿಯಲ್ಲಿ ಜನ ಮೋಸಹೋಗುವುದು ಎಲ್ಲಿ ಗೊತ್ತಾ? ಮೂರನೆಯದೋ ನಾಲ್ಕನೆಯದೋ ದಿನ ಜ್ವರ ಇಳಿಯುತ್ತದೆ, ಅಬ್ಬಾ ಅಂತ ಉಸಿರು ಬಿಡುತ್ತಾರೆ. ಅಪಾಯ ಶುರುವಾಗುವುದೇ ಆಗ. ಮಗು ಮಂಕಾಗಿ ಮಲಗಿಯೇ ಇದ್ದರೆ, ಮೇಲಿಂದ ಮೇಲೆ ವಾಂತಿಯಾದರೆ, ಹೊಟ್ಟೆ ಮುಟ್ಟಿದರೆ ಅತ್ತರೆ, ಕೈಕಾಲು ತಣ್ಣಗಾದರೆ, ಆರು ಗಂಟೆ ಉಚ್ಚೆ ಹೊಯ್ಯದಿದ್ದರೆ, ವಸಡಲ್ಲಿ ರಕ್ತ ಕಂಡರೆ ಹೊತ್ತು ಗೊತ್ತು ನೋಡದೆ ಹೊರಡು.

ಬರೆದು ಬರೆದು ಕೈ ನೋಯುತ್ತಿದೆ. ಇದಕ್ಕೂ ಬಾಮು ಹಚ್ಚಬೇಕು, ನನಗೆ ಹಚ್ಚಬಹುದು.

ನೀನು ಇಲ್ಲೇ ಬಿಟ್ಟುಹೋದ ದೊಡ್ಡ ಪರದೆಯನ್ನು ಮೊನ್ನೆ ಒಗೆದೆ. ಔಷಧಿ ಹಾಕಿದ ಪರದೆ ಅದು, ಬಿಸಿಲಿಗೆ ಹಾಕಬಾರದು ಅಂತ ನಡುಮನೆಯಲ್ಲೇ ಹಗ್ಗ ಕಟ್ಟಿ ಒಣಗಿಸಿದೆ. ಎರಡು ದಿನ ಎಲ್ಲರೂ ಬಗ್ಗಿ ಓಡಾಡಿದರು. ಬಲಬದಿಯಲ್ಲಿ ಎರಡು ತೂತಿದ್ದವು, ದೊಡ್ಡವಳು ಬೆರಳು ಹಾಕಿ ಮಾಡಿದ್ದು. ಬಿಳಿ ದಾರ ಸಿಗಲಿಲ್ಲ, ಹಸಿರಲ್ಲಿ ಹೊಲಿದಿದ್ದೇನೆ. ಶುಕ್ರವಾರ ರಾತ್ರಿಯ ಬಸ್ಸಿಗೆ ನಿನ್ನ ಮಾವ ಕೊಡುತ್ತಾನೆ, ಕಂಡಕ್ಟರ ನಂಬರು ಆಮೇಲೆ ಕಳಿಸುತ್ತೇನೆ. ಅದರ ಜೊತೆಗಿರುವ ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿ ಸೋರದ ಹಾಗೆ ಬೇರೆ ಚೀಲದಲ್ಲಿ ಕಟ್ಟಿದ್ದೇನೆ, ಆದರೂ ಬಿಚ್ಚುವಾಗ ಹುಷಾರು. ನಿನ್ನೆಯ ಫೋಟೋ ಟ್ಯೂಬ್‌ಲೈಟಿನಲ್ಲಿ ತೆಗೆದದ್ದು, ಕೆಂಪು ಎಷ್ಟು ಅಂತ ಸರಿಯಾಗಿ ಕಾಣುವುದಿಲ್ಲ. ಬೆಳಕಿನಲ್ಲಿ ಕಿಟಕಿ ಹತ್ತಿರ ಇಟ್ಟುಕೊಂಡು ಇನ್ನೊಂದು ತೆಗೆದು ಕಳಿಸು.

ನಿನ್ನ
ಅಜ್ಜಿ